ಓದು ಕಷ್ಟವಾದ ಮಗುವಿಗೂ ಇತಿಹಾಸ ಬೇಕು

(ಸಂಸ್ಥೆಯ ವಾರ್ಷಿಕ ಸಮಾವೇಶದಲ್ಲಿ ಶಿಕ್ಷಕರು, ಪೋಷಕರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)



ಇಂದು ನನಗೆ ಕೊಟ್ಟಿರುವ ವಿಷಯ ‘ಡಿಸ್ಲೆಕ್ಸಿಯಾ ಮತ್ತು ಇತಿಹಾಸದ ಕಲಿಕೆ’. ಡಿಸ್ಲೆಕ್ಸಿಯಾ ವೈದ್ಯರು ನೋಡಬೇಕಾದ ಸಂಗತಿ, ಇತಿಹಾಸ ಮೇಷ್ಟ್ರು ಹೇಳಬೇಕಾದ ಪಾಠ, ಇವೆರಡನ್ನೂ ಒಂದೇ ನೊಗಕ್ಕೆ ಏಕೆ ಕಟ್ಟಿದ್ದಾರೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಅದಕ್ಕೆ ಕಾರಣವಿದೆ. ನಮ್ಮ ಶಾಲೆಗಳಲ್ಲಿ ಪುಟಗಟ್ಟಲೆ ಓದಿ, ಪುಟಗಟ್ಟಲೆ ಬರೆಯಬೇಕಾದ ವಿಷಯಗಳಲ್ಲಿ ಇತಿಹಾಸಕ್ಕೆ ಮುಂಚೂಣಿಯ ಸ್ಥಾನ. ಓದಲು ಕಷ್ಟಪಡುವ ಮಗು ಭಾಷೆಯ ಪತ್ರಿಕೆಯಲ್ಲಿ ಹಿಂದೆ ಬೀಳುವುದು ಎಲ್ಲರಿಗೂ ಕಾಣುತ್ತದೆ. ಅದೇ ಮಗು ಇತಿಹಾಸದಲ್ಲೂ ಹಿಂದೆ ಬಿದ್ದಾಗ ನಾವು ಬೇರೆ ತೀರ್ಪು ಕೊಡುತ್ತೇವೆ. ‘ಇವನಿಗೆ ನೆನಪಿನ ಶಕ್ತಿ ಇಲ್ಲ, ಆಸಕ್ತಿ ಇಲ್ಲ, ಇವನು ದಡ್ಡ’ ಎನ್ನುತ್ತೇವೆ.

ಎಂಟನೇ ತರಗತಿಯ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಮೇಷ್ಟ್ರು ಟಿಪ್ಪು ಸುಲ್ತಾನನ ಯುದ್ಧಗಳ ಕಥೆ ಹೇಳುವಾಗ ಅವನು ಕಣ್ಣು ಮಿಟುಕಿಸದೆ ಕೇಳುತ್ತಾನೆ. ಬಾಯಿಮಾತಿನಲ್ಲಿ ಪ್ರಶ್ನೆ ಕೇಳಿದರೆ ಥಟ್ಟನೆ ಉತ್ತರ ಹೇಳುತ್ತಾನೆ. ಎದ್ದು ನಿಂತು ಪಾಠ ಓದು ಎಂದರೆ ಮೂರನೇ ಪದಕ್ಕೇ ತಡವರಿಸುತ್ತಾನೆ. ಪರೀಕ್ಷೆಯಲ್ಲಿ ಅರ್ಧ ಪತ್ರಿಕೆ ಖಾಲಿ. ಇಂತಹ ಹುಡುಗ ಒಂಬತ್ತನೇ ತರಗತಿ ಮುಗಿಯುವ ಮೊದಲೇ ಗ್ಯಾರೇಜಿಗೋ ಅಂಗಡಿಗೋ ಹೋಗಿ ಸೇರುತ್ತಾನೆ. ಇಂತಹ ಹುಡುಗಿಯಾದರೆ ಗಲಾಟೆ ಮಾಡದೆ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾಳೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಒಮ್ಮೆ ಫೇಲಾದಳೆಂದರೆ ‘ಓದು ಹತ್ತಲಿಲ್ಲ’ ಎಂದು ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ. ಶಾಲೆ ಬಿಡುವ ಮಕ್ಕಳ ಬಗ್ಗೆ ನಾವು ಸಭೆಗಳಲ್ಲಿ ಸಾಕಷ್ಟು ಚರ್ಚಿಸುತ್ತೇವೆ. ಆ ಮಕ್ಕಳಲ್ಲಿ ಎಷ್ಟು ಮಂದಿ ಬುದ್ಧಿ ಇದ್ದೂ ಅಕ್ಷರ ಕೈಗೆ ಹತ್ತದವರು ಎಂದು ಕೇಳಿಕೊಂಡಿದ್ದೇವೆಯೇ?

ಮೊದಲಿಗೆ ಡಿಸ್ಲೆಕ್ಸಿಯಾ ಎಂದರೇನು ಎಂದು ತಿಳಿಯೋಣ. ಈ ಹೆಸರನ್ನು ಬಳಕೆಗೆ ತಂದವರು ರುಡಾಲ್ಫ್ ಬರ್ಲಿನ್ ಎಂಬ ಜರ್ಮನಿಯ ನೇತ್ರವೈದ್ಯರು, 19ನೇ ಶತಮಾನದ ಕೊನೆಯ ಭಾಗದಲ್ಲಿ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಅವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 14 ವರ್ಷದ ಒಬ್ಬ ಬಾಲಕನ ಬಗ್ಗೆ ಬರೆದರು. ಚುರುಕಾದ ಹುಡುಗ, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲ, ಲೆಕ್ಕದಲ್ಲೂ ತೊಂದರೆಯಿಲ್ಲ. ಏಳು ವರ್ಷ ವಯಸ್ಸಿನಿಂದ ಪಾಠ ಹೇಳಿಸಿದರೂ ಓದು ಮಾತ್ರ ಬರಲಿಲ್ಲ. ತನ್ನ ಹೆಸರನ್ನು ಬರೆಯುವಾಗಲೂ ಅಕ್ಷರಗಳು ಅದಲುಬದಲಾಗುತ್ತಿದ್ದವು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಇಡೀ ಶಾಲೆಗೆ ಇವನೇ ಜಾಣನಾಗುತ್ತಿದ್ದ ಎಂದು ಅವನ ಶಿಕ್ಷಕರೇ ಅಭಿಪ್ರಾಯಪಟ್ಟಿದ್ದರು. ನೂರಮೂವತ್ತು ವರ್ಷಗಳಷ್ಟು ಹಿಂದಿನ ಆ ಶಿಕ್ಷಕರು ಕಂಡುಕೊಂಡ ಸತ್ಯವನ್ನು ನಾವು ಇಂದಿಗೂ ಪೂರ್ತಿಯಾಗಿ ಒಪ್ಪಿಕೊಂಡಿಲ್ಲ.

ಮಾತು ಮನುಷ್ಯನಿಗೆ ಸಹಜವಾಗಿ ಬರುತ್ತದೆ. ಕೇಳುತ್ತಾ ಬೆಳೆದ ಮಗು ತಾನಾಗಿಯೇ ಮಾತಾಡುತ್ತದೆ. ಓದು ಹಾಗಲ್ಲ, ಅದನ್ನು ಕಲಿಸಿಯೇ ಕಲಿಯಬೇಕು. ಬರವಣಿಗೆ ಹುಟ್ಟಿ ಸುಮಾರು ಐದು ಸಾವಿರ ವರ್ಷವಾಗಿದೆಯಷ್ಟೆ. ಓದುವಾಗ ಮಿದುಳು ಕಣ್ಣಿಗೆ ಕಂಡ ಗುರುತನ್ನು ಕಿವಿಗೆ ಪರಿಚಿತವಾದ ಧ್ವನಿಯ ಜೊತೆ ಕ್ಷಣಮಾತ್ರದಲ್ಲಿ ಜೋಡಿಸಬೇಕು. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಈ ಜೋಡಣೆ ನಿಧಾನ ಮತ್ತು ಶ್ರಮದಾಯಕ. ಇದಕ್ಕೂ ಬುದ್ಧಿಶಕ್ತಿಗೂ ಸಂಬಂಧವಿಲ್ಲ. ಸೋಮಾರಿತನಕ್ಕೂ ಸಂಬಂಧವಿಲ್ಲ. ಇದು ಹಲವು ಬಾರಿ ಒಂದೇ ಕುಟುಂಬದಲ್ಲಿ ತಲೆಮಾರಿನಿಂದ ತಲೆಮಾರಿಗೆ ಹರಿದು ಬರುತ್ತದೆ. ಮಗುವಿನ ಓದಿನ ಬಗ್ಗೆ ದೂರು ಹೇಳಲು ಕರೆಸಿದಾಗ, ‘ನನಗೂ ಹೀಗೇ ಆಗುತ್ತಿತ್ತು ಸರ್’ ಎನ್ನುವ ತಂದೆಯ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು. ಸಾಮಾನ್ಯ ಅಂದಾಜಿನಂತೆ ನೂರು ಮಕ್ಕಳಲ್ಲಿ 5ರಿಂದ 10 ಮಕ್ಕಳಿಗೆ ಈ ತೊಂದರೆ ಇರುತ್ತದೆ. ಅಂದರೆ 40 ಮಕ್ಕಳ ತರಗತಿಯಲ್ಲಿ ಇಬ್ಬರೋ ನಾಲ್ವರೋ ಇದ್ದಾರು.

ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಆದ್ದರಿಂದ ನಮ್ಮಲ್ಲಿ ಈ ಸಮಸ್ಯೆ ಇರದು ಎನ್ನುವವರಿದ್ದಾರೆ. ಇದು ಅರ್ಧ ಸತ್ಯ. ನಮ್ಮ ಲಿಪಿಯಲ್ಲಿ ಧ್ವನಿಗೂ ಅಕ್ಷರಕ್ಕೂ ಹೊಂದಾಣಿಕೆ ಚೆನ್ನಾಗಿದೆ, ನಿಜ. ಆದರೆ ಮೂಲಾಕ್ಷರ, ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಮಾಧ್ಯಮದ ಮಕ್ಕಳಿಗೂ ಅಕ್ಷರಗಳ ಮೇಲೆ ಪೂರ್ಣ ಹಿಡಿತ ಬರಲು ನಾಲ್ಕನೇ ತರಗತಿಯವರೆಗೆ ಬೇಕಾಗುತ್ತದೆ ಎಂದು ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಇನ್ನು ಇತಿಹಾಸದ ಪುಸ್ತಕ ತೆರೆದು ನೋಡಿ. ಸಾಮ್ರಾಜ್ಯ, ರಾಷ್ಟ್ರ, ಸ್ವಾತಂತ್ರ್ಯ. ‘ಸ್ವಾತಂತ್ರ್ಯ’ ಎಂಬ ಪದದ ಕೊನೆಯ ಒಂದೇ ಅಕ್ಷರದಲ್ಲಿ ಮೂರು ವ್ಯಂಜನಗಳು ಒಂದರ ಬೆನ್ನಿಗೆ ಒಂದು ಕೂತಿವೆ. ಇತಿಹಾಸದ ಅತಿ ಮುಖ್ಯ ಪದಗಳೇ ಓದಲು ಅತಿ ಕಠಿಣವಾದ ಪದಗಳು.

ನಮ್ಮ ಸಮುದಾಯದ ಮಕ್ಕಳ ವಿಷಯದಲ್ಲಿ ಇನ್ನೂ ಒಂದು ಸಂಗತಿ ಗಮನಿಸಬೇಕು. ಮನೆಯಲ್ಲಿ ಉರ್ದುವೋ ಬ್ಯಾರಿಯೋ ನವಾಯಿತಿಯೋ, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಮದರಸಾದಲ್ಲಿ ಅರಬಿ. ಕನ್ನಡ ಎಡದಿಂದ ಬಲಕ್ಕೆ, ಉರ್ದು ಮತ್ತು ಅರಬಿ ಬಲದಿಂದ ಎಡಕ್ಕೆ. ಸಾಮಾನ್ಯ ಉರ್ದು ಬರಹದಲ್ಲಿ ಹ್ರಸ್ವ ಸ್ವರಗಳ ಚಿಹ್ನೆಯನ್ನು ಹಾಕುವುದೂ ಇಲ್ಲ, ಓದುಗನೇ ತುಂಬಿಕೊಳ್ಳಬೇಕು. ಹಲವು ಭಾಷೆ ಕಲಿಯುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ, ಈ ಮಾತನ್ನು ಸ್ಪಷ್ಟವಾಗಿ ಹೇಳುತ್ತೇನೆ. ಆದರೆ ಹಲವು ಲಿಪಿಗಳ ನಡುವೆ ಅದು ಅಡಗಿ ಕೂರುತ್ತದೆ. ‘ಮನೆಮಾತು ಬೇರೆ, ಅದಕ್ಕೇ ಕನ್ನಡ ಬರುತ್ತಿಲ್ಲ’ ಎಂದು ಶಾಲೆಯವರು ಹೇಳುತ್ತಾರೆ. ‘ಶಾಲೆಯ ಒತ್ತಡ, ಅದಕ್ಕೇ ಉರ್ದು ಬರುತ್ತಿಲ್ಲ’ ಎಂದು ಮನೆಯವರು ಹೇಳುತ್ತಾರೆ. ಒಂದು ಲಿಪಿಯಲ್ಲಿ ಸರಾಗವಾಗಿ ಓದುವ ಮಗು ಮತ್ತೊಂದರಲ್ಲಿ ತಡವರಿಸಿದರೆ ಅದು ಬಹುಶಃ ಅಭ್ಯಾಸದ ಕೊರತೆ. ಸಾಕಷ್ಟು ಪಾಠವಾದ ಮೇಲೂ ಕಲಿತ ಎಲ್ಲ ಲಿಪಿಗಳಲ್ಲೂ ತಡವರಿಸಿದರೆ ಪರೀಕ್ಷೆ ಮಾಡಿಸಲೇಬೇಕು.

ಲಕ್ಷಣಗಳೇನು? ಓದು ಬಹಳ ನಿಧಾನ. ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುವುದು. ಒತ್ತಕ್ಷರ ಬಿಟ್ಟುಬಿಡುವುದು. ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ರೀತಿ ಬರೆಯುವುದು. ಬೋರ್ಡಿನಿಂದ ನಕಲು ಮಾಡುವಾಗ ಹಿಂದೆ ಬೀಳುವುದು. ಓದಲು ಹೇಳಿದಾಗ ಹೊಟ್ಟೆನೋವು ಎನ್ನುವುದು. ಬಾಯಿಮಾತಿನ ಉತ್ತರಕ್ಕೂ ಬರಹದ ಉತ್ತರಕ್ಕೂ ಅಜಗಜಾಂತರ ಇರುವುದು. ಇವುಗಳಲ್ಲಿ ಒಂದೆರಡು ಎಲ್ಲ ಮಕ್ಕಳಲ್ಲೂ ಕಾಣುತ್ತವೆ. ಹಲವು ಒಟ್ಟಿಗೆ, ವರ್ಷಗಟ್ಟಲೆ ಉಳಿದುಕೊಂಡರೆ ಎಚ್ಚರವಹಿಸಿ. ಮೊದಲು ಕಣ್ಣು, ಕಿವಿ ತೋರಿಸಿ. ಆ ನಂತರ ತಜ್ಞರ ಬಳಿ ಹೋಗಿ. ನಮ್ಮ ರಾಜ್ಯದಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಪರೀಕ್ಷೆಯ ವ್ಯವಸ್ಥೆ ಇದೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು ಭಾರತೀಯ ಭಾಷೆಗಳಿಗಾಗಿ ರೂಪಿಸಿ 2015ರಲ್ಲಿ ಹೊರತಂದ ‘ಡಾಲಿ’ ಎಂಬ ಪರೀಕ್ಷಾ ಸಾಮಗ್ರಿಯಲ್ಲಿ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡವೂ ಇತ್ತು.

ಈಗ ಚಿಕಿತ್ಸೆಯ ಮಾತು. ಡಿಸ್ಲೆಕ್ಸಿಯಾಗೆ ಮಾತ್ರೆ ಇಲ್ಲ. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮಗಳಿಂದ ಓದು ಸುಧಾರಿಸುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರು ಮತ್ತು ನೇತ್ರತಜ್ಞರ ಸಂಘಗಳು 2009ರಲ್ಲೇ ಜಂಟಿಯಾಗಿ ತಿಳಿಸಿವೆ. ಉಪಯೋಗವಾಗುವುದು ತಾಳ್ಮೆಯ ಪಾಠ. ಧ್ವನಿಯನ್ನು ಬಿಡಿಸಿ ಕೇಳಿಸುವುದು, ಅಕ್ಷರವನ್ನು ಧ್ವನಿಗೆ ಜೋಡಿಸುವುದು, ಸುಲಭದಿಂದ ಕಷ್ಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು, ಮತ್ತೆ ಮತ್ತೆ ಅಭ್ಯಾಸ ಮಾಡಿಸುವುದು. ಇದಕ್ಕೆ ತಿಂಗಳುಗಳಲ್ಲ, ವರ್ಷಗಳು ಬೇಕಾಗುತ್ತವೆ.

ನಾನು ಇಂದು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ. ಓದು ಸುಧಾರಿಸುವ ಈ ವರ್ಷಗಳಲ್ಲಿ ಮಗುವಿನ ಇತಿಹಾಸ, ವಿಜ್ಞಾನ, ಲೋಕಜ್ಞಾನ ಕಾದು ಕೂರಬೇಕೇ? ‘ಮೊದಲು ಓದು ಕಲಿ, ಆಮೇಲೆ ಇತಿಹಾಸ’ ಎಂದರೆ ಆ ಮಗು ಎರಡನ್ನೂ ಕಳೆದುಕೊಳ್ಳುತ್ತದೆ. ಓದಿನ ಪಾಠ ಅಕ್ಷರದ ದಾರಿಯಲ್ಲಿ ನಡೆಯಲಿ. ಅದೇ ಹೊತ್ತಿಗೆ ಇತಿಹಾಸದ ಪಾಠ ಕಣ್ಣು-ಕಿವಿಯ ದಾರಿಯಲ್ಲಿ ನಡೆಯಲಿ. ಚಿತ್ರ ತೋರಿಸಿದರೆ ಡಿಸ್ಲೆಕ್ಸಿಯಾ ವಾಸಿಯಾಗುವುದಿಲ್ಲ. ಚಿತ್ರದಿಂದ ಆಗುವ ಉಪಕಾರವೆಂದರೆ, ಓದು ಕುಂಟುತ್ತಿರುವಾಗ ಜ್ಞಾನ ಕುಂಟದಂತೆ ನೋಡಿಕೊಳ್ಳುವುದು. ಈ ಕೆಲಸಕ್ಕೆ ಇಂದಿನ ಮೊಬೈಲು, ಕಂಪ್ಯೂಟರುಗಳು ಒಳ್ಳೆಯ ಊರುಗೋಲು.

ಹೇಗೆ ಎಂಬುದಕ್ಕೆ ನಮ್ಮ ನಾಡಿನದೇ ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಭೂಪಟ. ಗೂಗಲ್ ಅರ್ತ್ ತೆರೆದು ಶ್ರೀರಂಗಪಟ್ಟಣಕ್ಕೆ ಹೋಗಿ. ಕಾವೇರಿ ಎರಡಾಗಿ ಒಡೆದು ಮತ್ತೆ ಒಂದಾಗುವುದು, ನಡುವೆ ಊರು ದ್ವೀಪವಾಗಿ ನಿಂತಿರುವುದು ಕಣ್ಣಿಗೇ ಕಾಣುತ್ತದೆ. ಅಳತೆಯ ಪಟ್ಟಿಯಿಂದ ಮಕ್ಕಳೇ ದ್ವೀಪದ ಉದ್ದಗಲ ಅಳೆಯಲಿ. ಆಮೇಲೆ ಕೇಳಿ: ‘ಈ ಕೋಟೆಯ ಮೇಲೆ ದಂಡೆತ್ತಿ ಬರುವವನು ಯಾವ ತಿಂಗಳು ಬರಬೇಕು?’ ನದಿಯಲ್ಲಿ ನೀರು ಕಡಿಮೆ ಇರುವಾಗ ಎಂದು ಮಕ್ಕಳು ತಾವೇ ಹೇಳುತ್ತಾರೆ. ಆಗ ಕಥೆ ಹೇಳಿ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದಿದ್ದ. ಮಳೆ ಹಿಡಿಯಿತು, ದವಸ ಮುಗಿಯಿತು, ಬಂಡಿ ಎಳೆಯುವ ಎತ್ತುಗಳು ಸತ್ತವು, ಅವನು ಹಿಂದಿರುಗಬೇಕಾಯಿತು. ಮರುವರ್ಷ ಮತ್ತೆ ಬಂದು ಮುತ್ತಿಗೆ ಹಾಕಿದ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕಾಯಿತು. 1799ರಲ್ಲಿ ಇಂಗ್ಲಿಷರು ಮಳೆಗಾಲಕ್ಕೆ ಮುನ್ನವೇ ಗೋಡೆ ಒಡೆದು, ಮೇ 4ರಂದು ನದಿ ದಾಟಿ ಕೋಟೆಗೆ ನುಗ್ಗಿದರು. ಇಸವಿಗಳನ್ನು ಉರು ಹೊಡೆದ ಮಗು ಅವನ್ನು ಮರೆಯಬಹುದು. ನದಿಯನ್ನು ನೋಡಿ ಕಾರಣ ಅರಿತ ಮಗು ಸುಲಭವಾಗಿ ಮರೆಯದು.

ಎರಡನೆಯದು ಹಳೆಯ ಚಿತ್ರ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ 1784ರಲ್ಲಿ ಕಟ್ಟಿದ್ದು. ಅದರ ಪಶ್ಚಿಮದ ಗೋಡೆಯ ಮೇಲೆ, ಕಾಂಚೀಪುರದ ಹತ್ತಿರ 1780ರ ಸೆಪ್ಟೆಂಬರ್ 10ರಂದು ನಡೆದ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅದರ ಫೋಟೋಗಳು ಅಂತರ್ಜಾಲದಲ್ಲಿ ಸಿಗುತ್ತವೆ. ದೊಡ್ಡದು ಮಾಡಿ ತೋರಿಸಿ. ಕೆಂಪಂಗಿಯ ಸಿಪಾಯಿಗಳು ಚೌಕಾಕಾರದಲ್ಲಿ ನಿಂತಿದ್ದಾರೆ, ಮದ್ದಿನ ಬಂಡಿ ಸಿಡಿಯುತ್ತಿದೆ, ಗಾಯಗೊಂಡ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿದ್ದಾನೆ, ಸುತ್ತಲೂ ಮೈಸೂರಿನ ಕುದುರೆ ದಂಡು. ಓದಲು ಹೆದರುವ ಮಗು ಇಲ್ಲಿ ಎಲ್ಲರಿಗಿಂತ ಮೊದಲು ಬೆರಳು ತೋರಿಸಿದರೆ ಆಶ್ಚರ್ಯವಿಲ್ಲ. ಅಷ್ಟಕ್ಕೇ ಬಿಡಬೇಡಿ. ‘ಇದನ್ನು ಬರೆಸಿದವರು ಯಾರು? ಸೋತವರು ಬರೆಸಿದ್ದರೆ ಹೇಗಿರುತ್ತಿತ್ತು?’ ಎಂದು ಕೇಳಿ. ಚಿತ್ರವೂ ಒಂದು ಪಕ್ಷದ ಸಾಕ್ಷಿ ಎಂಬ ಇತಿಹಾಸಕಾರನ ಮೊದಲ ಪಾಠ ಹೀಗೆ ಒಂದು ಅಕ್ಷರವನ್ನೂ ಓದದೆ ಮಗುವಿಗೆ ತಲುಪುತ್ತದೆ.

ಮೂರನೆಯದು ಹೋಲಿಕೆ. ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಚಿತ್ರವನ್ನು ಪರದೆಯ ಒಂದು ಬದಿಗೆ ಇಡಿ. ಸಮರಖಂದದಲ್ಲಿ ಉಲೂಗ್ ಬೇಗ್ 1420ರ ಹೊತ್ತಿಗೆ ಮುಗಿಸಿದ ಮದರಸಾದ ಚಿತ್ರವನ್ನು ಇನ್ನೊಂದು ಬದಿಗೆ ಇಡಿ. ಎರಡರಲ್ಲೂ ಇರುವ ನೀಲಿ ಹೆಂಚಿನ ಕೆಲಸ, ಮಿನಾರು, ಕಮಾನುಗಳನ್ನು ಮಕ್ಕಳು ಹುಡುಕಲಿ. ‘ಅಷ್ಟು ದೂರದ ಕಲೆ ಇಲ್ಲಿಗೆ ಹೇಗೆ ಬಂತು?’ ಇರಾನಿನ ಗಿಲಾನ್‌ನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನನ ಕಥೆಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕೇ? ಬೀದರಿಗೂ ಸಮರಖಂದಕ್ಕೂ ಮಕ್ಕಳನ್ನು ಒಂದೇ ದಿನ ಕರೆದೊಯ್ಯುವ ಬಸ್ಸು ಇಲ್ಲ, ಪರದೆ ಆ ಕೆಲಸ ಮಾಡುತ್ತದೆ.

ಇಸವಿಗಳ ಕ್ರಮವನ್ನು ನೆನಪಿಡುವುದು ಇಂತಹ ಹಲವು ಮಕ್ಕಳಿಗೆ ಕಷ್ಟ. ಅದಕ್ಕೆ ಕಾಲರೇಖೆ ಮಾಡಿಸಿ. ಕಂಪ್ಯೂಟರಿನಲ್ಲೂ ಮಾಡಬಹುದು, ಕಂಪ್ಯೂಟರು ಇಲ್ಲದ ಶಾಲೆಯಲ್ಲಿ ಒಂದು ದಾರ ಸಾಕು. ವರ್ಷಕ್ಕೆ ಒಂದು ಸೆಂಟಿಮೀಟರ್ ಎಂದು ಲೆಕ್ಕ ಹಿಡಿದರೆ, ಬಹಮನಿ ರಾಜ್ಯ ಹುಟ್ಟಿದ 1347ರಿಂದ ಶ್ರೀರಂಗಪಟ್ಟಣ ಬಿದ್ದ 1799ರವರೆಗೆ 4 ಮೀಟರ್ 52 ಸೆಂಟಿಮೀಟರ್. ಗವಾನನ ಮದರಸಾ, 1565ರ ತಾಳೀಕೋಟೆ ಯುದ್ಧ, 1656ರಲ್ಲಿ ತೀರಿಕೊಂಡ ಮಹಮದ್ ಆದಿಲ್ ಷಾನ ಗೋಲಗುಮ್ಮಟ, ಇವುಗಳ ಚಿತ್ರಗಳನ್ನು ಮಕ್ಕಳು ದಾರಕ್ಕೆ ಸಿಕ್ಕಿಸಲಿ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಗೋಡೆಯ ಮೇಲೇ ಕಾಣುತ್ತದೆ.

ಶಿಕ್ಷಕ ಬಂಧುಗಳಲ್ಲಿ ಕೆಲವು ಎಚ್ಚರಿಕೆಯ ಮಾತುಗಳು. ಚಿತ್ರ ತೋರಿಸುವಾಗ ವಿವರಣೆಯನ್ನು ಬಾಯಲ್ಲಿ ಹೇಳಿ. ಚಿತ್ರದ ಮೇಲೆಯೇ ಉದ್ದನೆಯ ಬರಹ ತುಂಬಿದರೆ ಕಣ್ಣು ಎರಡು ಕಡೆ ಓಡಿ ಎಲ್ಲ ಮಕ್ಕಳಿಗೂ ತೊಡಕಾಗುತ್ತದೆ, ಈ ಮಗುವಿಗಂತೂ ಇನ್ನೂ ಹೆಚ್ಚು. ಚಿತ್ರದೊಂದಿಗೆ ಅಚ್ಚಿನ ಮಾತಿಗಿಂತ ಆಡಿದ ಮಾತು ಚೆನ್ನಾಗಿ ಹೊಂದುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರ ಪ್ರಯೋಗಗಳು ತೋರಿಸಿವೆ. ಒಂದು ತಾಸು ವೀಡಿಯೋ ಹಾಕಿ ಕೂರಿಸುವುದು ಪಾಠವಾಗುವುದಿಲ್ಲ. ಐದು ನಿಮಿಷ ತೋರಿಸಿ, ಹತ್ತು ನಿಮಿಷ ಮಾತಾಡಿಸಿ. ಸಿನಿಮಾ, ಧಾರಾವಾಹಿಗಳ ದೃಶ್ಯವನ್ನು ಇತಿಹಾಸವೆಂದು ತೋರಿಸಬೇಡಿ. ಈಗ ಕೃತಕ ಬುದ್ಧಿಮತ್ತೆ ಕ್ಷಣದಲ್ಲಿ ಸುಲ್ತಾನರ ‘ಫೋಟೋ’ ತಯಾರಿಸಿ ಕೊಡುತ್ತದೆ, ಅದು ಬರಿಯ ಕಲ್ಪನೆ. ಪ್ರತಿ ಚಿತ್ರಕ್ಕೂ ಎಲ್ಲಿಯದು, ಯಾವಾಗಿನದು, ಯಾರು ಮಾಡಿದ್ದು ಎಂಬ ಮೂರು ಪ್ರಶ್ನೆಗಳನ್ನು ಕೇಳುವ ರೂಢಿ ಬೆಳೆಸಿ.

ಕಿವಿಯ ದಾರಿಯನ್ನೂ ಮರೆಯಬಾರದು. ಪರದೆಯ ಮೇಲಿನ ಕನ್ನಡ ಬರಹವನ್ನು ಓದಿ ಹೇಳುವ ಸೌಲಭ್ಯ ಇಂದಿನ ಸಾಧಾರಣ ಆಂಡ್ರಾಯ್ಡ್ ಫೋನುಗಳಲ್ಲೂ ಇದೆ. ಅದೂ ಬೇಡವೆಂದರೆ, ಮೇಷ್ಟ್ರೇ ಪಾಠವನ್ನು ನಿಧಾನವಾಗಿ ಓದಿ ಧ್ವನಿಮುದ್ರಿಸಿ ವಾಟ್ಸಾಪಿನಲ್ಲಿ ಕಳಿಸಬಹುದು. ಮಗು ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು ಅದನ್ನು ಕೇಳಲಿ. ಆಗ ಇತಿಹಾಸದ ಜೊತೆಗೆ ಓದಿನ ಅಭ್ಯಾಸವೂ ಆಗುತ್ತದೆ.

ಕಲಿಸುವ ರೀತಿ ಬದಲಾಗಿ ಪರೀಕ್ಷೆ ಮಾತ್ರ ಹಾಗೇ ಉಳಿದರೆ ಪ್ರಯೋಜನವಿಲ್ಲ. ಕಿರುಪರೀಕ್ಷೆಗಳಲ್ಲಾದರೂ ಬಾಯಿಮಾತಿನ ಉತ್ತರಕ್ಕೆ, ಭೂಪಟಕ್ಕೆ, ಕಾಲರೇಖೆಗೆ ಅಂಕ ಕೊಡಿ. ಕಾನೂನೂ ಈ ಮಕ್ಕಳ ಪರವಾಗಿದೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಡಿಸ್ಲೆಕ್ಸಿಯಾ ಇರಲಿಲ್ಲ. ಅದರ ಸ್ಥಾನದಲ್ಲಿ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಅಂತಹ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನೆ ಕೊಡುವುದು ಶಿಕ್ಷಣ ಸಂಸ್ಥೆಗಳ ಹೊಣೆ ಎಂದು ಅದರ 16ನೇ ಕಲಂ ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇಂತಹ ಅನುಕೂಲಗಳ ಮಾತು 17ನೇ ಕಲಮಿನಲ್ಲಿದೆ. ಇದಕ್ಕೆ ಪ್ರಮಾಣಪತ್ರ ಬೇಕು, ಮಂಡಳಿಗೆ ಮುಂಚಿತವಾಗಿ ಅರ್ಜಿ ಹೋಗಬೇಕು. ಆದುದರಿಂದ ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಓಡಾಡುವ ಬದಲು ಎಂಟನೇ ತರಗತಿಯಲ್ಲೇ ಕೆಲಸ ಶುರುವಾಗಲಿ. ಪ್ರಮಾಣಪತ್ರ ಪಡೆದರೆ ಮಗುವಿಗೆ ಕಳಂಕ ಹತ್ತುತ್ತದೆ, ಮದುವೆಗೆ ತೊಂದರೆಯಾಗುತ್ತದೆ ಎಂದು ಹಿಂಜರಿಯುವ ಪೋಷಕರಿದ್ದಾರೆ. ಅವರಲ್ಲಿ ಒಂದೇ ವಿನಂತಿ. ‘ದಡ್ಡ’ ಎಂಬ ಹಣೆಪಟ್ಟಿಯನ್ನು ಮಗು ಆಗಲೇ ದಿನವೂ ಹೊರುತ್ತಿದೆ. ಆ ಭಾರದ ಮುಂದೆ ಈ ಕಾಗದ ಹಗುರ.

ಸಂಸ್ಥೆಯ ಹಿರಿಯರ ಮುಂದೆ ಮೂರು ಸಲಹೆ ಇಡುತ್ತೇನೆ. ನಮ್ಮ ಪ್ರತಿ ಶಾಲೆಯಿಂದ ಒಬ್ಬ ಶಿಕ್ಷಕರಿಗಾದರೂ ಕಲಿಕಾ ನ್ಯೂನತೆಯ ಬಗ್ಗೆ ತರಬೇತಿ ಕೊಡಿಸೋಣ. ಎರಡನೇ ಮತ್ತು ಮೂರನೇ ತರಗತಿಯ ಎಲ್ಲ ಮಕ್ಕಳ ಓದನ್ನು ವರ್ಷಕ್ಕೊಮ್ಮೆ ಒಬ್ಬೊಬ್ಬರನ್ನೇ ಕೂರಿಸಿ ಕೇಳೋಣ. ಸಮಾಜ ವಿಜ್ಞಾನದ ಪಾಠಗಳನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಓದಿ ಧ್ವನಿಮುದ್ರಿಸಿ, ತಕ್ಕ ಚಿತ್ರಗಳೊಂದಿಗೆ ಎಲ್ಲ ಶಾಲೆಗಳಿಗೂ ಹಂಚೋಣ. ಇದಕ್ಕೆ ದೊಡ್ಡ ಕಟ್ಟಡ ಬೇಡ, ಕಾಲೇಜು ವಿದ್ಯಾರ್ಥಿಗಳ ಬಿಡುವಿನ ವೇಳೆ ಮತ್ತು ಒಳ್ಳೆಯ ಕಂಠ ಇದ್ದರೆ ಸಾಕು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ತರಗತಿಯಲ್ಲಿ ಯಾರಾದರೂ ಎದ್ದು ನಿಂತು ಓದುವಾಗ ತಡವರಿಸಿದರೆ ನಗಬೇಡಿ. ಪಕ್ಕದಲ್ಲಿ ಕೂತು ಪಾಠವನ್ನು ಒಮ್ಮೆ ಓದಿ ಹೇಳಿ. ಆಮೇಲೆ ಭೂಪಟವನ್ನು ಅವನ ಮುಂದಿಟ್ಟು, ಕೋಟೆಗೆ ಯಾವ ದಿಕ್ಕಿನಿಂದ ನುಗ್ಗಬಹುದು ಎಂದು ಕೇಳಿ. ನಿಮಗೆ ಹೊಳೆಯದ ಉತ್ತರ ಅವನಿಗೆ ಹೊಳೆದರೂ ಹೊಳೆದೀತು. ನಿಮ್ಮಲ್ಲೇ ಯಾರಿಗಾದರೂ ಅಕ್ಷರಗಳು ಹೀಗೆ ಕಾಟ ಕೊಡುತ್ತಿದ್ದರೆ ಮುಚ್ಚಿಡಬೇಡಿ, ನಂಬಿಕೆಯ ಒಬ್ಬ ಶಿಕ್ಷಕರಿಗೆ ಇಂದೇ ಹೇಳಿ. ಈ ನಾಡಿನ ಚರಿತ್ರೆ ಬೇಗ ಓದುವವರಿಗೆ ಎಷ್ಟು ಸೇರಿದ್ದೋ ನಿಧಾನವಾಗಿ ಓದುವವರಿಗೂ ಅಷ್ಟೇ ಸೇರಿದ್ದು.